ಎರಡನೆಯ ಉಸಿರಿಗೆ ಕಾಯುವವರು

ಪ್ರವಾಸಿ ಹಡಗಿನ ಮೇಲೆ ನಿಂತು ಕಡಲಜೀವಿಗಳನ್ನು ಗುರುತಿಸಿ ಜನರಿಗೆ ತೋರಿಸುವುದೂ ಒಂದು ವೃತ್ತಿಯೆಂದು ಒಪ್ಪುವವರೇ ವಿರಳವಾಗಿದ್ದ ಕಾಲದಲ್ಲಿ ಆ ಕೆಲಸಕ್ಕೆ ಕಾಲಿಟ್ಟು, ಅದಕ್ಕೊಂದು ಶಿಸ್ತನ್ನೂ ಗೌರವವನ್ನೂ ತಂದುಕೊಟ್ಟು, ಕಳೆದ ತಿಂಗಳಷ್ಟೇ ನಿವೃತ್ತರಾದ ನಮ್ಮ ಹಿರಿಯ ವೀಕ್ಷಕಿಯವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ತಿಮಿಂಗಿಲಗಳ ವಿಷಯದಲ್ಲಿ ಅವರಿಗಿಂತ ಹೆಚ್ಚು ಬರೆದವರು ಇದ್ದಾರೆ. ಹೆಚ್ಚು ಮಾತನಾಡಿದವರಂತೂ ಬೇಕಾದಷ್ಟಿದ್ದಾರೆ. ಆದರೆ ತಾವು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ ಎಂಬ ನಂಬಿಕೆಯನ್ನು ಇಡೀ ಹಡಗಿನಿಂದ ಗಳಿಸಿದವರನ್ನು ನಾನು ಕಂಡದ್ದು ಒಬ್ಬರನ್ನೇ.

ಅಡುಗೆಮನೆಯಿಂದ ಹಿಡಿದು ಚುಕ್ಕಾಣಿ ಕೋಣೆಯವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ದುರ್ಬೀನಕ್ಕ ಎಂದು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದ ಘನತೆಗೆ ಆ ಹೆಸರು ಒಪ್ಪುವುದಿಲ್ಲವೆಂದು ಸಂಪಾದಕರು ಗೊಣಗಿದರು. ಗೊಣಗಿಕೊಳ್ಳಲಿ. ಬೇರೆ ಹೆಸರಿನಿಂದ ಕರೆದರೆ ಅಕ್ಕ ತಿರುಗಿಯೂ ನೋಡುವುದಿಲ್ಲ.

ಅವರು ಮೊದಲು ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ರಜೆಯಲ್ಲಿ ಯಜಮಾನರೊಂದಿಗೆ ಹಡಗಿನ ಪ್ರವಾಸಕ್ಕೆ ಬಂದಾಗ, ಮೈಕಿನವನು ಡಾಲ್ಫಿನ್ನುಗಳ ಗುಂಪನ್ನು ತೋರಿಸಿ ಶಾರ್ಕ್ ಬಂತು ಎಂದು ಮಕ್ಕಳನ್ನೆಲ್ಲ ಅಳಿಸಿಬಿಟ್ಟನಂತೆ. ಅಕ್ಕ ನೆಟ್ಟಗೆ ಕ್ಯಾಪ್ಟನ್ ಬಳಿ ಹೋಗಿ ಜಗಳ ತೆಗೆದರು. ರೋಸಿಹೋದ ಕ್ಯಾಪ್ಟನ್, "ಅಷ್ಟೆಲ್ಲ ಗೊತ್ತಿದ್ರೆ ನೀವೇ ಬಂದು ಹೇಳಿ ಮೇಡಂ!" ಎಂದರು. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ವಾಪಸಾಗುತ್ತಿದ್ದರು. ಇವರು ಮುಂದಿನ ರಜೆಗೆ ಪೆಟ್ಟಿಗೆ ಕಟ್ಟಿಕೊಂಡು ಕೆಲಸಕ್ಕೇ ಬಂದರು, ಆಮೇಲೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಹಡಗಿನ ಮುಂಭಾಗದಲ್ಲಿ, ಹಗ್ಗದ ಉಗ್ರಾಣದ ಪಕ್ಕ, ಸದಾ ಬಣ್ಣದ ವಾಸನೆ ಹೊಡೆಯುವ ಮೂಲೆಯಲ್ಲಿ ಅವರಿಗೊಂದು ಮಡಿಸುವ ಕುರ್ಚಿ ಸಿಕ್ಕಿತು.

ಕೆಲವು ವರ್ಷಗಳ ಬಳಿಕ ನಾನು ಅವರ ಸಹಾಯಕನಾಗಿ ಸೇರಿದೆ. ಅವರ ಕ್ರಮ ನನಗೆ ಮೊದಮೊದಲು ಜೀವ ಹಿಂಡುತ್ತಿತ್ತು. ದೂರದಲ್ಲಿ ನೀರಿನಿಂದ ತುಂತುರು ಚಿಮ್ಮಿದೊಡನೆ ನನಗೆ ಮೈಕು ಹಿಡಿಯುವ ಆತುರ. ಅವರು ಕೈ ಅಡ್ಡ ಹಿಡಿಯುತ್ತಿದ್ದರು. "ತಾಳೋ ಮಾರಾಯ, ಗಾಳಿಗೆ ಅಲೆ ಒಡೆದ್ರೂ ಹಂಗೇ ಕಾಣತ್ತೆ. ಇನ್ನೊಂದ್ಸಲ ಉಸಿರು ಬಿಡ್ಲಿ." ತಿಮಿಂಗಿಲ ಮತ್ತೆ ಉಸಿರು ಬಿಡುವವರೆಗೆ ಅವರು ಬಾಯಿ ಬಿಡುತ್ತಿರಲಿಲ್ಲ. ಎರಡನೆಯ ಉಸಿರು ಕಂಡ ಮೇಲೂ ಗಾಲಿಕುರ್ಚಿಯವರನ್ನು ಕಟಕಟೆಯ ಹತ್ತಿರ ತಂದು ನಿಲ್ಲಿಸುವ ತನಕ ಘೋಷಣೆಯಿಲ್ಲ. ಏನೂ ಕಾಣದ ದಿನ ಸಂಜೆ, ಏನೂ ಕಾಣಲಿಲ್ಲ ಎಂದು ಮೈಕಿನಲ್ಲಿ ಕೂಗಿ ಹೇಳುತ್ತಿದ್ದರು. ದುಡ್ಡು ಕೊಟ್ಟು ಬಂದ ಪ್ರಯಾಣಿಕರ ಮುಂದೆ ಹೀಗೆ ಹೇಳಲು ಎಂಟೆದೆ ಬೇಕು.

ನಮ್ಮ ಮನರಂಜನೆಯ ಮ್ಯಾನೇಜರರದ್ದು ಬೇರೆಯೇ ಪಂಥ. ಒಮ್ಮೆ ಅಕ್ಕ ಊಟಕ್ಕೆ ಹೋಗಿದ್ದಾಗ ಅವರೇ ಮೈಕು ಹಿಡಿದು, "ಎಲ್ಲರೂ ಎಡಗಡೆ ನೋಡಿ!" ಎಂದು ಅರಚಿದರು. ಹಡಗಿನ ಹಿಂಭಾಗಕ್ಕೆ ಮುಖ ಮಾಡಿ ಕೂತಿದ್ದ ಅರ್ಧ ಜನ ತಮ್ಮ ಎಡಗಡೆಗೆ, ಅಂದರೆ ಹಡಗಿನ ಬಲಗಡೆಗೆ, ಬಿದ್ದೆವೋ ಎದ್ದೆವೋ ಎಂದು ಓಡಿದರು. ತಿಮಿಂಗಿಲ ಬೆನ್ನ ಹಿಂದೆ ನೆಗೆದು ಮುಳುಗಿತು. ಅಂದಿನಿಂದ ನಮ್ಮ ಹಡಗಿನಲ್ಲಿ ಎಡಬಲಗಳೇ ಇಲ್ಲ. ಈಜುಕೊಳದ ಮೆಟ್ಟಿಲ ಕಡೆ, ಗ್ರಂಥಾಲಯದ ಕಿಟಕಿ ಕಡೆ ಎಂದೇ ಅಕ್ಕ ಹೇಳುತ್ತಿದ್ದದ್ದು.

ಕಣ್ಣು ಕಾಣದ ಸಂಗೀತದ ಮೇಷ್ಟ್ರೊಬ್ಬರು ಮಗಳ ಜೊತೆ ಬಂದಿದ್ದರು. ಎಲ್ಲರೂ ಓ ಎಂದು ಕೂಗುವಾಗ ಅವರು ಸುಮ್ಮನೆ ಕೂತಿದ್ದುದನ್ನು ಕಂಡು, ಅಕ್ಕ ಅವರನ್ನು ಕೈಹಿಡಿದು ಗಾಳಿ ಬರುವ ಕಡೆಗೆ ಕರೆದೊಯ್ದರು. ಹತ್ತಿರದಲ್ಲೇ ತಿಮಿಂಗಿಲ ಭುಸ್ಸೆಂದು ಉಸಿರು ಬಿಟ್ಟಿತು; ಕೊಳೆತ ಮೀನಿನ ನಾತ ಮುಖಕ್ಕೆ ರಾಚಿತು. "ಅಯ್ಯಯ್ಯೋ! ಇದು ಹಲ್ಲು ಉಜ್ಜೋದಿಲ್ವೇನಮ್ಮ?" ಎಂದು ಮೇಷ್ಟ್ರು ಮೂಗು ಮುಚ್ಚಿಕೊಂಡು ಬಿದ್ದುಬಿದ್ದು ನಕ್ಕರು. ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು, ಪಕ್ಕದಲ್ಲಿದ್ದ ಮಗಳಿಗೂ ಬಂತು. ನನ್ನ ತಾಯಿಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ನಾನು ಒಂದು ಪ್ರವಾಸವಿಡೀ ಮನೆಯಲ್ಲಿದ್ದೆ. ಅಷ್ಟೂ ದಿನ ಎರಡು ಪಾಳಿಯನ್ನೂ ಒಬ್ಬರೇ ನಿಭಾಯಿಸಿದ ಅಕ್ಕ, ನಾನು ಮರಳಿದಾಗ "ಅಮ್ಮ ಊಟ ಮಾಡ್ತಿದಾರಾ?" ಎಂದಷ್ಟೇ ಕೇಳಿದರು. ಆ ಋಣ ನನ್ನ ಮೇಲಿದೆ.

ಇನ್ನು ಈ ಗ್ರಂಥಕ್ಕೆ ಕಾರಣವಾದ, ಕೆಲವು ವರ್ಷಗಳ ಹಿಂದಿನ ಆ ಪ್ರವಾಸದ ಮಾತು. ಮುಖ್ಯ ಕಚೇರಿಯ ಹಿರಿಯ ಅಧಿಕಾರಿಯೊಬ್ಬರು ಹಡಗು ಹತ್ತಿದ್ದರು. ವೀಕ್ಷಕರ ಹುದ್ದೆಯನ್ನೇ ತೆಗೆದುಹಾಕಿ ದೊಡ್ಡ ಪರದೆಯೊಂದನ್ನು ಹಾಕಿಸುವ ಯೋಚನೆ ಅವರದು. "ಪರದೆ ಮೇಲಾದ್ರೆ ದಿನಾ ಬೆಳಿಗ್ಗೆ ತಿಂಡಿ ಹೊತ್ತಿಗೆ ಸರಿಯಾಗಿ ತಿಮಿಂಗಿಲ ನೆಗೆಯತ್ತೆ ಮೇಡಂ. ನಿಮ್ಮದು ಹಂಗಲ್ವಲ್ಲ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಡಲೂ ಆ ವಾರ ಕೈಕೊಟ್ಟಿತು: ಹಾರುಮೀನು, ಒಂದೆರಡು ಆಮೆ, ಅಷ್ಟೇ. ಪ್ರಯಾಣಿಕರು ಗುಸುಗುಸು ಶುರುಮಾಡಿದರು. ಮ್ಯಾನೇಜರರು ಕಕ್ಕುಲಾತಿಯಿಂದಲೇ ಬಂದು, "ಅಕ್ಕ, ಯಾವ್ದಾದ್ರೂ ಅಲೆ ತೋರ್ಸಿ, ಅಗೋ ಈಗಷ್ಟೇ ಮುಳುಗ್ತು ಅಂದ್ಬಿಡಿ. ಕೆಲ್ಸ ಉಳಿಯತ್ತೆ" ಎಂದರು. ಅಕ್ಕ ದುರ್ಬೀನು ಇಳಿಸದೆ, "ನಾಳೆ ನಿಜವಾದ್ದು ಬಂದ್ರೆ ಯಾವ ಬಾಯಲ್ಲಿ ಕೂಗ್ಲಪ್ಪಾ?" ಎಂದರು. ಅಂದು ಸಂಜೆಯೂ, ಏನೂ ಕಾಣಲಿಲ್ಲ ಎಂದೇ ಘೋಷಣೆಯಾಯಿತು.

ಕೊನೆಯ ದಿನ ಬೆಳಿಗ್ಗೆ ಅಧಿಕಾರಿಗಳು ಕಾಫಿ ಹಿಡಿದು ನಮ್ಮ ಮೂಲೆಗೆ ಬಂದು ನಿಂತಿದ್ದರು. ಹಡಗಿನ ದಾರಿಗೆ ನೇರವಾಗಿ, ಬಹಳ ದೂರದಲ್ಲಿ, ಕಪ್ಪನೆಯದೇನೋ ನೀರಿನ ಮಟ್ಟಕ್ಕೇ ತೇಲುತ್ತಿತ್ತು. ಅಲುಗಾಟವಿಲ್ಲ, ತುಂತುರಿಲ್ಲ. ನನ್ನ ಕಣ್ಣಿಗೂ ಅದು ಮರದ ದಿಮ್ಮಿಯೇ. ಯಾವಾಗಲೂ ಎರಡನೆಯ ಉಸಿರಿಗೆ ಕಾಯುವ ಅಕ್ಕ ಆ ದಿನ ಮೊದಲನೆಯ ಉಸಿರಿಗೂ ಕಾಯದೆ ಚುಕ್ಕಾಣಿ ಕೋಣೆಯ ಫೋನೆತ್ತಿದರು.

"ಕ್ಯಾಪ್ಟನ್, ಎದುರಿಗೇ ಏನೋ ಮಲಗಿದೆ. ಉಸಿರು ಇನ್ನೂ ನೋಡಿಲ್ಲ. ವೇಗ ಇಳಿಸಿ, ಗ್ರಂಥಾಲಯದ ಕಡೆಗೆ ತಿರುಗ್ಸಿ."

"ಆಯ್ತಕ್ಕ" ಎಂದರು ಕ್ಯಾಪ್ಟನ್. ಮರುಪ್ರಶ್ನೆಯಿಲ್ಲ. ಕಾಲಡಿಯಲ್ಲಿ ಇಂಜಿನ್ನಿನ ನಡುಕ ತಗ್ಗಿತು.

"ಏನ್ ಮೇಡಂ ಇದು! ಒಂದು ದಿಮ್ಮಿಗೋಸ್ಕರ ಇಡೀ ಹಡಗು ತಿರುಗ್ಸೋದಾ?" ಅಧಿಕಾರಿಗಳ ಕಾಫಿ ಅಂಗಿಯ ಮೇಲೆ ತುಳುಕಿತ್ತು.

"ದಿಮ್ಮಿನೇ ಇರಬಹುದು ಸರ್" ಎಂದರು ಅಕ್ಕ.

ಅದು ದಿಮ್ಮಿಯಾದರೆ ಹುದ್ದೆ ಹೋಯಿತು, ಅಷ್ಟು ವರ್ಷಗಳ ಮಾತಿನ ಬೆಲೆಯೂ ಅದರ ಜೊತೆಗೆ ಹೋಯಿತು. ಆದರೆ ತಿಮಿಂಗಿಲವಾಗಿದ್ದರೆ? ಅಷ್ಟು ದೊಡ್ಡ ಹಡಗು ಸೈಕಲ್ಲಿನ ಹಾಗೆ ಬ್ರೇಕ್ ಒತ್ತಿದೊಡನೆ ನಿಲ್ಲುವುದಿಲ್ಲ. ಉಸಿರು ಕಂಡ ಮೇಲೆ ತಿರುಗಿಸಿದರೆ ಕಾಲ ಮೀರಿರುತ್ತದೆ. ಜನರಿಗೆ ತೋರಿಸಲು ಖಾತ್ರಿ ಬೇಕು, ಜೀವ ಉಳಿಸಲು ಅನುಮಾನವೇ ಸಾಕು ಎಂಬುದನ್ನು ಅಕ್ಕ ಅಂದು ಪಾಠ ಮಾಡಲಿಲ್ಲ, ಮಾಡಿ ತೋರಿಸಿದರು.

ಹಡಗು ಮೆಲ್ಲಗೆ ಓರೆಯಾಗಿ ಸಾಗುತ್ತಿದ್ದಂತೆ ಆ ದಿಮ್ಮಿ ಭುಸ್ಸೆಂದಿತು. ತೂಕಡಿಸುತ್ತಿದ್ದ ತಾಯಿ ತಿಮಿಂಗಿಲ! ಅದರ ಪಕ್ಕೆಗೆ ಅಂಟಿಕೊಂಡು, ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ಮರಿಯೊಂದು ಪುಸಕ್ಕೆಂದು ಪುಟ್ಟ ಉಸಿರು ಬಿಟ್ಟಿತು. ಆಗ ನೋಡಬೇಕಿತ್ತು ಹಡಗನ್ನು! ಅಡುಗೆಯವರು ಸೌಟು ಹಿಡಿದೇ ಓಡಿಬಂದರು, ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲೇರಿಸಿಕೊಂಡರು, ಮ್ಯಾನೇಜರರು ಸಿಕ್ಕಸಿಕ್ಕವರನ್ನೆಲ್ಲ ತಬ್ಬಿಕೊಂಡರು. ತಾಯಿ ಮರಿಯನ್ನು ನಿಧಾನವಾಗಿ ಮುಂದೂಡಿಕೊಂಡು ಈಜುಕೊಳದ ಕಡೆಯಿಂದ ಹಾದುಹೋಯಿತು. ಅಧಿಕಾರಿಗಳು ಕಟಕಟೆ ಹಿಡಿದು ನಿಂತವರು ಅದು ಮರೆಯಾಗುವವರೆಗೂ ಕದಲಲಿಲ್ಲ. ಕೊನೆಗೆ, "ನಿಮ್ಮಂಥವ್ರು ಪ್ರತಿ ಹಡಗಲ್ಲೂ ಒಬ್ರು ಬೇಕು ಮೇಡಂ" ಎಂದರು. ಅಕ್ಕ ಆಗಲೇ ದುರ್ಬೀನನ್ನು ಮತ್ತೆ ಕಣ್ಣಿಗೇರಿಸಿದ್ದರು.

ಪರದೆಯ ಮಾತು ಅಲ್ಲಿಗೆ ಮುಗಿಯಿತು. ಇಂದು ನಮ್ಮ ಸಂಸ್ಥೆಯ ಪ್ರತಿ ಹಡಗಿನಲ್ಲೂ ಅಕ್ಕ ಪಳಗಿಸಿದ ವೀಕ್ಷಕರಿದ್ದಾರೆ; ವೀಕ್ಷಕರು ಹೇಳಿದೊಡನೆ ಮೊದಲು ವೇಗ ಇಳಿಸಬೇಕು, ಪ್ರಶ್ನೆ ಆಮೇಲೆ ಎಂಬ ನಿಯಮವೂ ಇದೆ. ಹುದ್ದೆ ಉಳಿಸಿಕೊಳ್ಳಲು ಸುಳ್ಳು ಹೇಳದವರು ಹುದ್ದೆಯನ್ನೇ ಬೆಳೆಸಿ ಹೋದರು.

ಕಳೆದ ವಾರ, ಅಕ್ಕ ಇಲ್ಲದ ಮೊದಲ ಪ್ರವಾಸದಲ್ಲಿ, ನಾನು ಬೇರೊಂದು ಹಡಗಿನಲ್ಲಿದ್ದೆ. ಕ್ಯಾಪ್ಟನ್ ನನಗೆ ಮುಖಪರಿಚಯವೂ ಇಲ್ಲದವರು. ಎದುರಿಗೆ ಅಂಥದ್ದೇ ಕಪ್ಪು ನೆರಳು ಕಂಡು, ಚುಕ್ಕಾಣಿ ಕೋಣೆಗೆ ಫೋನು ಮಾಡಿದೆ. "ದುರ್ಬೀನಕ್ಕನ ಕಡೆಯವರಲ್ವಾ? ವೇಗ ಇಳಿಸಿದೀನಿ, ಯಾವ ಕಡೆ ತಿರುಗ್ಸಲಿ ಹೇಳಿ" ಎಂದರು. ದಡ ಸೇರಿದೊಡನೆ ಅಕ್ಕನಿಗೆ ಸುದ್ದಿ ಮುಟ್ಟಿಸಿದೆ. ಅವರು ಕೇಳಿದ್ದು ಒಂದೇ: "ಮರಿ ಇತ್ತೇನೋ?"

"ಇತ್ತಕ್ಕ. ತಾಯಿ ಜೊತೆ ಆರಾಮಾಗಿ ಹೋಯ್ತು."

"ಸದ್ಯ!" ಎಂದರು.

ಅಕ್ಕ, ನಿಮ್ಮ ಕಣ್ಣಿನ ಕಸುವು ಕುಂದದಿರಲಿ, ನಿಮ್ಮ ಕೈಯಲ್ಲಿ ಇನ್ನೂ ಹಲವು ವೀಕ್ಷಕರು ತಯಾರಾಗಲಿ. ತಿಮಿಂಗಿಲದ ಮರಿಯೊಂದು ಬೆಳೆದು ತಾನೇ ತಾಯಿಯಾಗಲು ಬಹಳ ವರ್ಷ ಬೇಕು ಎಂದು ಕಲಿಸಿದವರು ನೀವೇ. ಅಂದು ನೀವು ಉಳಿಸಿದ ಆ ಮರಿ ತನ್ನ ಮರಿಯನ್ನು ಕರೆದುಕೊಂಡು ಅದೇ ದಾರಿಯಲ್ಲಿ ಬರುವ ದಿನ, ಮೈಕು ಹಿಡಿದು ಕೂಗಿ ಹೇಳುವವರು ನೀವೇ ಆಗಿರಬೇಕು.