ಕರೆಯಬಾರದ ಹೆಸರು

ಅಮೆರಿಕದ ನವಾಹೋ ಸೀಮೆಯ ಕಯೆಂಟಾ ಊರಿನ ಪ್ರವಾಸಿ ಹೋಟೆಲಿನಲ್ಲಿ ರೊಟ್ಟಿ ಕರಿಯುವವಳು ಡೆಸ್ಬಾ. ಹಿಟ್ಟನ್ನು ಅಂಗೈಯಿಂದ ಅಂಗೈಗೆ ತಟ್ಟಿ ಅವಳು ಎಣ್ಣೆಗೆ ಬಿಡುವುದನ್ನು ನೋಡಲೆಂದೇ ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಗಂಡ ಗಣಿಯ ಕಾಯಿಲೆಯಲ್ಲಿ ಹೋದ ಮೇಲೆ ಆ ಕೆಲಸ ನಂಬಿಯೇ ಇದ್ದೊಬ್ಬ ಮಗಳನ್ನು ಬೆಳೆಸಿದಳು.

ಆ ಮಗಳು ಹೆದ್ದಾರಿಯ ಹಿಮದಲ್ಲಿ ಗಾಡಿ ಜಾರಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಡೆಸ್ಬಾ ನಾಲ್ಕು ದಿನ ತನ್ನ ಮಣ್ಣಿನ ಗುಂಡು ಮನೆ, ಹೊಗಾನ್, ಬಿಟ್ಟು ಹೊರಗೆ ಬರಲಿಲ್ಲ, ಯಾರಿಗೂ ಫೋನು ಮಾಡಲಿಲ್ಲ. ನವಾಹೋ ಜನರ ನಂಬಿಕೆಯಲ್ಲಿ, ಸತ್ತವರು ತಿರುಗಿ ನೋಡದೆ ತಮ್ಮ ದಾರಿ ನಡೆಯಬೇಕಾದ ದಿನಗಳು ಅವು. ಅವರ ಹೆಸರನ್ನಂತೂ ಆಮೇಲೂ ಎತ್ತುವಂತಿಲ್ಲ, ಎತ್ತಿದರೆ ಅವರನ್ನು ವಾಪಸು ಕರೆದಂತೆಯೇ.

ಐದನೆಯ ದಿನ ಕೆಲಸಕ್ಕೆ ಹೋದರೆ ಒಲೆಯ ಮುಂದೆ ಬೇರೊಬ್ಬಳು ನಿಂತಿದ್ದಳು.

“ಹೇಳದೆ ಕೇಳದೆ ಹೋದೋರಿಗೆ ಇಲ್ಲಿ ಕೆಲಸ ಇಲ್ಲ” ಎಂದ ಬೇರೆ ಸೀಮೆಯಿಂದ ಬಂದಿದ್ದ ಮ್ಯಾನೇಜರು.

ಅಕ್ಕನ ಮಗಳು ವರ್ಲಿಂಡಾ ವಕೀಲಿ ಮಾಡುವವಳು. “ಚಿಕ್ಕವ್ವ, ತಕ್ಕ ಕಾರಣ ಇಲ್ದೆ, ಅದನ್ನ ಬರೆದು ಕೊಡದೆ ಯಾರನ್ನೂ ತೆಗೆಯೋ ಹಾಗಿಲ್ಲ. ನಮ್ಮ ನವಾಹೋ ಕಾನೂನೇ ಇದೆ. ದೂರು ಕೊಡೋಣ.”

“ಅಲ್ಲಿ ಅವಳ ಹೆಸರು ಕೇಳ್ತಾರೇನೇ?”

“ಪೀಠದಲ್ಲಿ ಕೂತಿರೋರೆಲ್ಲ ನಮ್ಮೋರೇ, ಯಾಕೆ ಕೇಳ್ತಾರೆ? ಕುರಿಗಳಿಗೆಲ್ಲ ಹೆಸರಿಟ್ಟು ಊರಿಗೆ ಕೇಳೋ ಹಾಗೆ ಕೂಗೋಳು ನೀನು. ಅವತ್ತೊಂದಿನ ಬಾಯಿ ಮುಚ್ಕೊಂಡಿರು, ಸಾಕು.”

ಮಗಳು ಹೋದ ಮೇಲೆ ಡೆಸ್ಬಾ ನಕ್ಕಿದ್ದು ಅದೇ ಮೊದಲು. ಎದುರು ಪಕ್ಷದವರು ಯಾರನ್ನು ಕರೆತರುತ್ತಾರೆಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ.

ನವಾಹೋ ರಾಜಧಾನಿ ವಿಂಡೋರಾಕಿನಲ್ಲಿ ನಡೆದ ವಿಚಾರಣೆಯಲ್ಲಿ ಹೋಟೆಲಿನ ಪರ ನಿಂತವನು ದೂರದ ಫೀನಿಕ್ಸ್ ನಗರದ ವಕೀಲ, ನವಾಹೋ ಅಲ್ಲದವನು. “ತೀರಿಕೊಂಡವರ ಹೆಸರು ಹೇಳಿ.”

ಡೆಸ್ಬಾ ವರ್ಲಿಂಡಾಳತ್ತ ನೋಡಿದಳು.

ಪೀಠದ ಹಿರಿಯರು, “ಮಗಳು ಅಂದ್ರಲ್ಲ, ಅಷ್ಟು ಸಾಕು. ಅದನ್ನ ಕೇಳ್ಬೇಡಿ” ಎಂದರು.

“ದಾಖಲೆಗೆ ಬೇಕಲ್ಲ ಸ್ವಾಮಿ, ನಾನೇ ಓದ್ತೀನಿ” ಎಂದವನೇ ಮರಣಪತ್ರ ಎತ್ತಿಕೊಂಡು, ಕೊನೆಯ ಸಾಲಿನವರಿಗೂ ಕೇಳುವಂತೆ ಹೆಸರನ್ನು ಓದಿಬಿಟ್ಟ. ಅವನ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಡೆಸ್ಬಾ ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ ಆಗಿಹೋಗಿತ್ತು.

ತೀರ್ಪು ಅವಳ ಕಡೆಗೇ ಬಂತು. ಕೆಲಸ ವಾಪಸು, ತಪ್ಪಿದ ಸಂಬಳವೂ ವಾಪಸು. ಹೊರಗೆ ವರ್ಲಿಂಡಾ ತಬ್ಬಿಕೊಂಡು, “ಗೆದ್ವಿ ಚಿಕ್ಕವ್ವ!” ಎಂದಳು.

“ಅಷ್ಟು ದೂರ ಹೋಗಿದ್ಲು ಕಣೇ. ಈಗ ದಾರೀಲಿ ತಿರುಗಿ ನಿಂತಿರ್ತಾಳೆ. ಅವ್ವ ಕರೆದ್ಲು ಅಂದ್ಕೊಂಡಿರ್ತಾಳೆ.”

ಡೆಸ್ಬಾ ಮತ್ತೆ ರೊಟ್ಟಿ ಕರಿಯುತ್ತಾಳೆ. ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿದರೆ ತಿರುಗಿ ನೋಡುವುದಿಲ್ಲ. ನೋಡಬೇಕೆಂದು ಆಸೆಯಾಗುತ್ತದಲ್ಲ, ಅದಕ್ಕೇ.