ತಾನಾಗಿ ತಿರುಗಿದ ಒರಳು

ಮೂರು ಭಾನುವಾರಗಳ ಹಿಂದೆ ನಮ್ಮ ಅಡುಗೆಮನೆಯ ಸೂರಿಗೆ ಉದ್ದಿನ ಹಿಟ್ಟು ಹಾರಿತು. ಸೂರಿಗೆ, ಸ್ವಾಮಿ! ಅಷ್ಟಕ್ಕೇ ಮುಗಿಯಲಿಲ್ಲ. ಗೋಡೆಯ ಕ್ಯಾಲೆಂಡರಿಗೆ, ನನ್ನ ತಲೆಗೆ, ನಮ್ಮವರ ಕನ್ನಡಕಕ್ಕೆ. ಆ ಕನ್ನಡಕವನ್ನು ಒರೆಸಿಕೊಳ್ಳುವ ಮೊದಲೇ ನಮ್ಮವರು ಹೇಳಿದ್ದೇನು ಗೊತ್ತೆ? "ಮೋಟಾರ್ ಚೆನ್ನಾಗಿದೆ!"

ನಮ್ಮವರು ಕೊಯಮತ್ತೂರಿನ ಒಂದು ಪಂಪು ಕಾರ್ಖಾನೆಯಲ್ಲಿ ಫೋರ್ಮನ್. ಪೇಟೆಯಲ್ಲಿ ಯಾರೋ ಕರೆಂಟಿನಲ್ಲಿ ತಿರುಗುವ ಒರಳು ಮಾಡಿದ್ದಾರೆಂದು ಕೇಳಿ ಬಂದವರು, ನಾನೂ ಒಂದು ಮಾಡುತ್ತೇನೆ ಎಂದು ಹಟ ಹಿಡಿದರು. ಹಟಕ್ಕೆ ಕಾರಣ ನಮ್ಮತ್ತೆಯ ಬಲಭುಜ.

ಅತ್ತೆಗೆ ಬಲಗೈ ಮೇಲಕ್ಕೆ ಏಳುವುದಿಲ್ಲ. ತುರುಬು ಕಟ್ಟಿಕೊಳ್ಳಲೂ ಆಗದು, ನಾನೇ ಕಟ್ಟುತ್ತೇನೆ. ಇನ್ನು ಹಿಟ್ಟು ರುಬ್ಬಿದರೆ ಕೈ ಪೂರಾ ಹೋಗುತ್ತದೆ ಎಂದು ಡಾಕ್ಟರು ಬೈದು ಕಳಿಸಿದ್ದಾರೆ. ಅತ್ತೆ ಬಿಟ್ಟರೆ ತಾನೆ! ನಾನು ರುಬ್ಬುತ್ತೇನೆ ಅಂದರೆ ಒರಳಿನ ಹತ್ತಿರ ಸೇರಿಸುವುದಿಲ್ಲ. "ನೀ ಆಟಿದ್ರೆ ಮಾವು ಪೊಂಗಲ್ಲ, ಕಣ್ಣು." (ನಾನು ರುಬ್ಬಿದರೆ ಹಿಟ್ಟು ಉಬ್ಬುವುದಿಲ್ಲವಂತೆ. ಕಣ್ಣು ಅನ್ನುವುದು ಮುದ್ದಿಗೆ. ಮೈಸೂರು ಕಡೆಯಿಂದ ಮದುವೆಯಾಗಿ ಬಂದ ದಿನದಿಂದ ಈ ಸರ್ಟಿಫಿಕೇಟು ಕೇಳುತ್ತಿದ್ದೇನೆ.) ಈ ಮನೆಯ ಇಡ್ಲಿ ಅವರದು. ನೆಂಟರು ಹೊಗಳುವುದು ಆ ಇಡ್ಲಿಯನ್ನು. ಕೈ ಹೋದರೂ ಸರಿ, ಒರಳು ಬಿಡಲೊಲ್ಲರು.

ಮಗನ ಮಿಷನ್ನಿಗೂ ಅವರು ಒಂದು ಷರತ್ತು ಹಾಕಿದ್ದರು. "ಇಡ್ಲಿ ಶರಿಯಾಗಿ ಬಂದ್ರೆ ನಾ ಆಟುಕಲ್ಲ ಮುಟ್ಟಲ್ಲ. ಬರ್ಲಿಲ್ಲ ಅಂದ್ರೆ ಇದ್ನ ಎತ್ಕೊಂಡು ಹೋಗ್ಬಿಡು." (ಆಟುಕಲ್ಲು ಅಂದರೆ ಅವರ ಕೈಯೊರಳು.)

ಆಮೇಲೆ ಆದದ್ದು ಸೂರಿನ ಕತೆ.

ತಪ್ಪು ಎಲ್ಲಿ? ಪಂಪು ಮಾಡುವವರಿಗೆ ಮಾತ್ರ ಆಗಬಹುದಾದ ತಪ್ಪು ಅದು. ನೀರನ್ನು ಮೇಲಕ್ಕೆ ಎಸೆದು ಎಸೆದು ಅಭ್ಯಾಸವಾದ ಜನ. ವೇಗ ಹೆಚ್ಚಿದಷ್ಟೂ ಒಳ್ಳೆಯದೆಂದು ನಂಬಿದವರು. ಒರಳನ್ನೂ ಅದೇ ಲೆಕ್ಕದಲ್ಲಿ ತಿರುಗಿಸಿದರೆ ಹಿಟ್ಟು ಒರಳಿನಲ್ಲಿ ಯಾಕೆ ಕೂತಿರುತ್ತದೆ? ಉಳಿದ ಚೂರುಪಾರು ಹಿಟ್ಟೂ ಕೈ ಇಟ್ಟರೆ ಬಿಸಿ. ಅತ್ತೆ ಬೆರಳಲ್ಲಿ ಮುಟ್ಟಿ ನೋಡಿ, "ಇದು ಇಲ್ಲೇ ವೆಂದೋಯ್ತು, ಇನ್ನು ಇಡ್ಲಿ ಪಾತ್ರೆ ಯಾಕಪ್ಪ?" ಅಂದರು. ನಾನು ನಕ್ಕೆ. ನಗಬಾರದಿತ್ತು.

ಎಷ್ಟು ನಿಧಾನ ತಿರುಗಬೇಕು ಎಂದು ನಮ್ಮವರು ಕೇಳಿದರು. ಅತ್ತೆಗೆ ಹೇಳಲು ಬರಲಿಲ್ಲ. ಮೂವತ್ತೆಂಟು ವರ್ಷ ರುಬ್ಬಿದವರಿಗೆ ಅದು ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಕಡೆಗೆ ಮುಂದಿನ ಭಾನುವಾರ ನಮ್ಮವರು ಕೈಗಡಿಯಾರ ಬಿಚ್ಚಿ ಹಿಡಿದುಕೊಂಡು, ಒಂದು ನೋಟ್‌ಬುಕ್ಕಿನ ಸಮೇತ ಒರಳಿನ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ನೋವಿರುವ ಕೈಯಲ್ಲಿ ಮತ್ತೆ ರುಬ್ಬಿಸುತ್ತೀರಲ್ಲ ಎಂದು ನಾನು ಗೊಣಗಿದೆ. ಇದೊಂದೇ ಸಲ ಅಂದರು.

ಆ ದಿನ ನಾನು ನೋಡಿದ್ದನ್ನು ಹೇಗೆ ಹೇಳಲಿ? ಒರಳಿಗಿಂತ ಹೆಚ್ಚಾಗಿ ನಾನು ನಮ್ಮವರ ಮುಖ ನೋಡುತ್ತಿದ್ದೆ.

ಮೊದಮೊದಲು ಸುತ್ತು ಜೋರಾಗಿ ಎಣಿಸಿ ಬರೆದುಕೊಂಡರು. ಹತ್ತು ನಿಮಿಷ ಕಳೆಯಿತು. ಇಪ್ಪತ್ತಾಯಿತು. ಅತ್ತೆ ಒಂದು ಕೈಯಲ್ಲಿ ಗುಂಡು ತಿರುಗಿಸುತ್ತಾರೆ, ಇನ್ನೊಂದರಲ್ಲಿ ಹಿಟ್ಟನ್ನು ಗುಂಡಿನ ಕೆಳಕ್ಕೆ ತಳ್ಳುತ್ತಾರೆ, ನಡುವೆ ನೀರು ಚಿಮುಕಿಸುತ್ತಾರೆ. ಬೆರಳು ಒಮ್ಮೆಯಾದರೂ ಸಿಕ್ಕಿಕೊಳ್ಳಬೇಕಲ್ಲ? ಇಲ್ಲ! ಬಲಗೈ ನೋಯತೊಡಗಿದರೆ ಸುತ್ತು ತಪ್ಪದ ಹಾಗೆ ಎಡಗೈಗೆ ಬದಲಾಯಿಸುತ್ತಾರೆ. ನೋಯುವ ಕೈಯನ್ನು ಒಂದು ಗಳಿಗೆ ಮೊಣಕಾಲ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಮತ್ತೆ ಹಚ್ಚುತ್ತಾರೆ.

ಉದ್ದು ಮುಗಿದು ಅಕ್ಕಿಯೂ ಆಗುವ ಹೊತ್ತಿಗೆ ನಮ್ಮವರು ಪೆನ್ಸಿಲ್ ಕೆಳಗಿಟ್ಟಿದ್ದರು. ನಾನು ನೋಟ್‌ಬುಕ್ ಎತ್ತಿ ನೋಡಿದೆ. ಮೊದಲ ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ವ್ಯತ್ಯಾಸ ಎರಡೇ ಸುತ್ತು!

"ಇದ್ನ ದಿನಾ ಮಾಡ್ತೀಯಾಮ್ಮ?" ಎಂದು ಮಗ ಕೇಳಿದರು. ಆ ಇಡ್ಲಿ ತಿಂದೇ ಬೆಳೆದ ಮಗ!

"ಇಲ್ಲಪ್ಪ," ಅಂದರು ಅತ್ತೆ, ಗುಂಡು ತೊಳೆಯುತ್ತ. "ಏಕಾದಶಿ ದಿನ ಮಾಡಲ್ಲ."

(ಅತ್ತೆಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ನಮ್ಮವರಿಗೂ ಬರುವುದಿಲ್ಲ. ಅದು ಇನ್ನೂ ಒಳ್ಳೆಯದು.)

ಹೋದ ಭಾನುವಾರ ಮಿಷನ್ ಮತ್ತೆ ಬಂತು. ವೇಗ ತಗ್ಗಿಸಲು ಬೇರೆ ಪುಲ್ಲಿ, ಉದ್ದನೆಯ ಬೆಲ್ಟು. ಸ್ವಿಚ್ಚು ಹಾಕುವ ಮೊದಲು ನಾನು ಬಾಗಿಲಾಚೆ ಹೋಗಿ ನಿಂತೆ. ತಲೆಗೆ ಎಣ್ಣೆಸ್ನಾನ ಆಗಿತ್ತು ನೋಡಿ.

ಏನೂ ಹಾರಲಿಲ್ಲ. ಗುಂಡು ನಿಂತಲ್ಲೇ ನಿಂತಿತು, ಒರಳು ಅದರ ಸುತ್ತ ಮೆಲ್ಲಗೆ ತಿರುಗತೊಡಗಿತು. ನಾವು ಇಷ್ಟು ಕಾಲ ಮಾಡಿದ್ದರ ತಿರುವುಮುರುವು! ಯಾರ ಕೈಯೂ ಇಲ್ಲ. ಉದ್ದು ನೊರೆನೊರೆಯಾಗಿ ಬೆಳ್ಳಗೆ ಏರುತ್ತಿದೆ. ರಷ್ಯದವರು ಆಕಾಶದಲ್ಲಿ ಒಂದು ಗುಂಡು ಸುತ್ತಿಸುತ್ತಿದ್ದಾರೆಂದು ಊರೆಲ್ಲ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದೆ. ನೋಡಲಿ ಪಾಪ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಪವಾಡ ನಮ್ಮ ಅಡುಗೆಮನೆಯ ನೆಲದ ಮೇಲೆ ನಡೆಯುತ್ತಿತ್ತು.

ಅತ್ತೆ ಅದರ ಎದುರು ಕೂತಿದ್ದರು. "ಅಯ್ಯೋ ಸಾಮಿ, ತಾನಾಗೇ ಸುತ್ತುತ್ತಲ್ಲ!" ಎಂದು ಒಂದೇ ಸಲ ಅಂದರು. ಎರಡು ಕೈಯೂ ಮಡಿಲಲ್ಲಿ. ಹಿಟ್ಟು ರುಬ್ಬುತ್ತಿರುವಾಗ ಅವರ ಕೈ ಸುಮ್ಮನೆ ಇರುವುದನ್ನು ನಾನು ಕಂಡದ್ದು ಅದೇ ಮೊದಲು. ಬಲಗೈ ಮಾತ್ರ ಸೀರೆಯ ಮೇಲೆ ಸಣ್ಣಗೆ ಸುತ್ತು ಹಾಕುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಇಡ್ಲಿ. ನಮ್ಮವರು ತಟ್ಟೆ ಮುಟ್ಟದೆ ತಾಯಿಯ ಬಾಯನ್ನೇ ನೋಡುತ್ತ ಕೂತರು. ಅತ್ತೆ ಚಟ್ನಿ ಹಾಕಿಸಿಕೊಳ್ಳದೆ ಒಂದು ಇಡ್ಲಿ ಮುರಿದರು. ಮೂಸಿ ನೋಡಿದರು. ತಿಂದರು. ಇನ್ನೊಂದು ಹಾಕು ಅಂದರು.

"ಶರಿಯಾಗಿದೆ. ಆಟುಕಲ್ಲ ಹಿತ್ತಲಿಗೆ ಹಾಕು."

ನನಗೆ ಎದ್ದು ಕುಣಿಯುವಷ್ಟು ಸಂತೋಷ. ಆ ಕೈ ಉಳಿಯಿತಲ್ಲ! ನಮ್ಮವರಂತೂ ಉಬ್ಬಿಹೋದರು. ಶುರುವಾಯಿತು ಭಾಷಣ. ವಿಜ್ಞಾನ ಎಲ್ಲಿಗೆ ಬಂದಿದೆ ನೋಡು, ಇನ್ನು ಹೆಂಗಸರ ಬದುಕೇ ಬದಲು, ಮನೆಮನೆಗೂ ಇದು ಬಂದೇ ಬರುತ್ತದೆ. (ಮೊದಲು ಸೂರು ತೊಳೆಸಿ ಎಂದು ನಾನು ಹೇಳಲಿಲ್ಲ.)

ಅತ್ತೆ ಎಲ್ಲ ಕೇಳಿದರು. ಕೈ ತೊಳೆದುಕೊಂಡರು. ಆಮೇಲೆ ಮಗನನ್ನು ನೋಡಿ, ಕೋಪವಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬ ದನಿಯಲ್ಲಿ ಕೇಳಿದರು.

"ನೀ ಕಾರ್ಖಾನೆ ವೇಲೆಗೆ ಸೇರಿದ ವರ್ಷವೇ ಕಿಣತ್ತುಕಡವಲ್ಲಿ ನಮ್ಮ ತೋಟದ ಬಾವಿಗೆ ಮೋಟಾರ್ ಇಟ್ಟೆ. ಎತ್ತು ಪಾಪ, ದಿನಾ ಎಷ್ಟು ನೀರು ಎಳೀತವೆ ಅಂದೆ. ನಿಮ್ಮಮ್ಮನೂ ಪಾಪ ಅಂತ ಗೊತ್ತಾಗಕ್ಕೆ ಹನ್ನೆರಡು ವರ್ಷ ಯಾಕಾಯ್ತು, ಕಣ್ಣು?"