ಬೆಣೆಯಕ್ಕ ಪಿಕಪ್ ಆರಿಸಿದ್ದು

ಮದುವೆಯಾದ ಮೂರನೆಯ ದಿನ ಗಂಡ ಅವಳ ಕೈಗೆ ಕೊಟ್ಟ ಮೊದಲ ವಸ್ತು ಒಂದು ಮರದ ಬೆಣೆ. ಮೊಳದುದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ಹಿಡಿಯಲು ಹಗ್ಗದ ಕುಣಿಕೆ.

“ನಾನು ಗಾಡೀನ ನೀರಿನ ಕಡೆ ಹಿಂದಕ್ಕೆ ಬಿಡ್ತೀನಿ. ‘ಹಾಕು’ ಅಂದ ತಕ್ಷಣ ಇದನ್ನ ಚಕ್ರದ ಹಿಂದೆ ಒತ್ತಿಬಿಡು. ಅಷ್ಟೇ ಕೆಲಸ,” ಎಂದಿದ್ದ.

ಆ ‘ಅಷ್ಟೇ ಕೆಲಸ’ ಮೂವತ್ತೆರಡು ವರ್ಷ ನಡೆಯಿತು. ಕೆರೆಯ ದಡದಲ್ಲಿ ಅವಳಿಗೆ ಬೆಣೆಯಕ್ಕ ಎಂಬ ಹೆಸರೇ ನಿಂತಿತು.

ಮನೆಯಿಂದ ಕೆರೆಗೆ ಎರಡು ಮೈಲಿ. ದೋಣಿಯನ್ನು ದಡದಲ್ಲೇ ಬಿಟ್ಟರೆ ಗಾಳಿಗೆ ಕಲ್ಲಿಗೆ ಬಡಿದುಕೊಳ್ಳುತ್ತಿತ್ತು. ಗಾಳಿ ಬಿಟ್ಟರೂ ಎಂಜಿನ್ ಕಳ್ಳರು ಬಿಡುತ್ತಿರಲಿಲ್ಲ. ಹಾಗಾಗಿ ದೋಣಿ ದಿನಾ ಟ್ರೈಲರ್ ಏರಿ ಪಿಕಪ್ ಗಾಡಿಯ ಹಿಂದೆ ಮನೆಗೆ ಬರಬೇಕು, ಮಾರನೆಯ ದಿನ ಅದೇ ದಾರಿಯಲ್ಲಿ ಹೋಗಬೇಕು. ದಡದಲ್ಲಿ ನೀರಿಗಿಳಿಯಲು ಒಂದು ಕಾಂಕ್ರೀಟ್ ಇಳಿಜಾರು. ಅದರ ಕೆಳಗಿನ ಅರ್ಧಕ್ಕೆ ವರ್ಷವಿಡೀ ಪಾಚಿ. ಗಾಡಿಯ ಹ್ಯಾಂಡ್‌ಬ್ರೇಕ್ ಗಾಡಿಯ ಜೊತೆಗೇ ಬಂದಿತ್ತು, ಆದರೆ ಒಂದು ದಿನವೂ ಕೆಲಸಕ್ಕೆ ಬಂದಿರಲಿಲ್ಲ.

“ಅದನ್ನ ರಿಪೇರಿ ಮಾಡಿಸಬಾರದಾ?” ಎಂದು ಹೊಸ ಮದುವಣಗಿತ್ತಿ ಕೇಳಿದ್ದಳು.

“ಯಾಕೆ? ನೀನಿದ್ದೀಯಲ್ಲ,” ಎಂದಿದ್ದ ಗಂಡ.

ಆ ಮಾತನ್ನು ಪ್ರೀತಿ ಎಂದುಕೊಂಡೇ ಅವಳು ನಾಲ್ಕೈದು ವರ್ಷ ಕಳೆದಳು.

ಆ ಪಿಕಪ್ಪಿಗೆ ಅವಳಿಟ್ಟ ಹೆಸರು ಗೊರಕೆ. ನಿಂತಲ್ಲೇ ಗುರುಗುಟ್ಟುವ ಅದರ ಸದ್ದಿಗೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ. “ನನ್ನ ಪಾಲಿಗೆ ಎರಡು ಗೊರಕೆ. ಒಂದು ಒಳಗೆ, ಒಂದು ಅಂಗಳದಲ್ಲಿ. ಅಂಗಳದ್ದಾದರೂ ಕೀಲಿ ತಿರುಗಿಸಿದರೆ ನಿಲ್ಲುತ್ತೆ,” ಎಂದು ಅಕ್ಕಪಕ್ಕದ ಹೆಂಗಸರನ್ನು ನಗಿಸುತ್ತಿದ್ದಳು.

ಗಂಡನಿಗೆ ಗೊರಕೆ ದೋಣಿ ಎಳೆಯುವ ಗಾಡಿ. ಅವಳಿಗೆ ಅದು ಇನ್ನೊಂದು ಕೋಣೆ. ಅದರ ಹಿಂಬಾಗಿಲನ್ನು ಇಳಿಸಿದರೆ ಕಾಲು ಇಳಿಬಿಟ್ಟು ಕೂರಲು ಹದವಾದ ಜಗಲಿ. ಅಲ್ಲಿ ಕೂತು ಅವಳು ಬಟಾಣಿ ಸುಲಿದಿದ್ದಾಳೆ, ಬಲೆ ಹೊಲಿದಿದ್ದಾಳೆ, ಮಗಳ ತಲೆ ಬಾಚಿ ಜಡೆ ಹಾಕಿದ್ದಾಳೆ. ಗಾಡಿಯ ಕಂಬಿಯಿಂದ ದೋಣಿಯ ಮೂತಿಗೆ ಹಗ್ಗ ಕಟ್ಟಿದರೆ ಮನೆಮಂದಿಯ ಬಟ್ಟೆಯೆಲ್ಲ ಒಣಗುತ್ತಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಗಳು ಟ್ರೈಲರ್ ಮೇಲಿನ ದೋಣಿಯೊಳಗೆ, ಟಾರ್ಪಾಲಿನ ನೆರಳಲ್ಲಿ ಮಲಗುತ್ತಿದ್ದಳು. ಗಾಳಿಗೆ ಟಾರ್ಪಾಲು ಪಟಪಟ ಎನ್ನುವಾಗ ನಿದ್ದೆಗಣ್ಣಲ್ಲೇ, “ಅಮ್ಮಾ, ನಾವು ಎಲ್ಲಿಗೆ ಬಂದ್ವಿ?” ಎಂದು ಕೇಳುತ್ತಿದ್ದಳು. ಇವಳು ಪಾತ್ರೆ ತಿಕ್ಕುತ್ತಲೇ, “ನಡುಗಡ್ಡೆ ದಾಟ್ತಾ ಇದೀವಿ, ಮಲಕ್ಕೋ,” ಎನ್ನುತ್ತಿದ್ದಳು. ಆ ಮಗಳಿಗೆ ಈಗ ತನ್ನದೇ ಮನೆ, ತನ್ನದೇ ಮಕ್ಕಳು. ಆದರೂ ಟಾರ್ಪಾಲು ಪಟಪಟ ಎಂದರೆ ಬೆಣೆಯಕ್ಕನಿಗೆ ಕೈ ಒರೆಸಿಕೊಂಡು ಒಮ್ಮೆ ಹೊರಗೆ ಇಣುಕಬೇಕೆನಿಸುತ್ತದೆ.

‘ಅವನು ದೋಣಿ ನಡೆಸಿ ಸಂಸಾರ ಸಾಕಿದ’ ಎಂದು ಊರವರು ಗಂಡನನ್ನು ಹೊಗಳುತ್ತಿದ್ದರು. ಸುಳ್ಳೇನಲ್ಲ. ದೋಣಿ ನೀರಿನಲ್ಲಿದ್ದಷ್ಟು ಹೊತ್ತೂ ಅದು ಅವನ ದೋಣಿ. ನೀರು ಬಿಟ್ಟ ಕ್ಷಣದಿಂದ ಮತ್ತೆ ನೀರು ಮುಟ್ಟುವವರೆಗೂ ಅವಳ ದೋಣಿ. ಐಸು ತುಂಬುವುದು, ಡೀಸೆಲ್ ಡಬ್ಬ ಹೊರುವುದು, ಬಲೆ ತೊಳೆದು ಹರವಿ ಮಡಿಸುವುದು, ಹಲಗೆ ಎತ್ತಿ ತಳದ ನೀರನ್ನು ಬಟ್ಟಲಲ್ಲಿ ಬಳಿಯುವುದು, ಇವಕ್ಕೆಲ್ಲ ಹೆಸರಿರಲಿಲ್ಲ. ಹೆಸರಿದ್ದದ್ದು ಬೆಣೆಗೆ ಮಾತ್ರ.

ಇಷ್ಟು ವರ್ಷಗಳಲ್ಲಿ ನಲವತ್ತು ದಿನ ಮಾತ್ರ ಬೇರೆಯಾಗಿದ್ದವು. ಹದಿನೆಂಟು ವರ್ಷದ ಹಿಂದೆ ಗಂಡ ಏಣಿಯಿಂದ ಬಿದ್ದು ಕೈ ಮುರಿದುಕೊಂಡಿದ್ದ. ಅವನ ತಮ್ಮ ಬಂದು ದೋಣಿ ನಡೆಸಲು ಒಪ್ಪಿದ, ಆದರೆ ಗಾಡಿ ಓಡಿಸಲು ಅವನಿಗೆ ಬರುತ್ತಿರಲಿಲ್ಲ. ಗಂಡ ಪಕ್ಕದ ಸೀಟಿನಲ್ಲಿ ಪ್ಲಾಸ್ಟರ್ ಕೈ ಎದೆಗೆ ಕಟ್ಟಿಕೊಂಡು ಕೂತು, “ಕ್ಲಚ್ಚು! ಕ್ಲಚ್ಚು ಅಂದ್ರೆ ಕ್ಲಚ್ಚು!” ಎಂದು ಕೂಗುತ್ತ ಅವಳಿಗೆ ಗಾಡಿ ಕಲಿಸಿದ. ನಾಲ್ಕನೆಯ ದಿನಕ್ಕೆ ಅವನ ಕೂಗು ನಿಂತಿತು. ಟ್ರೈಲರನ್ನು ಹಿಂದಕ್ಕೆ ಬಿಡುವ ಮರ್ಮ ಅವಳಿಗೆ ಬಲುಬೇಗ ಹತ್ತಿತು: ಟ್ರೈಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. “ಇದೇನು ದೊಡ್ಡ ವಿದ್ಯೆ? ನಿಮ್ಮಮ್ಮನ ಹತ್ರ ಹನ್ನೆರಡು ವರ್ಷ ಇದನ್ನೇ ತಾನೆ ಮಾಡಿದ್ದು?” ಎಂದಿದ್ದಳು.

ನಲವತ್ತು ದಿನ ಅವಳೇ ಗಾಡಿ ಓಡಿಸಿದಳು. ದಡದಲ್ಲಿ ಗೇರಿಗೆ ಹಾಕಿ ಎಂಜಿನ್ ನಿಲ್ಲಿಸಿ, ತಾನೇ ಧುಮುಕಿ, ತಾನೇ ಬೆಣೆ ಕೊಟ್ಟಳು. ಕಿಟಕಿಯ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಕೆರೆಯ ಗಾಳಿಗೆ ಮುಖ ಕೊಟ್ಟು ಬರುವಾಗ ಅವಳಿಗೆ ಹಾಡು ಬರುತ್ತಿತ್ತು. ಪ್ಲಾಸ್ಟರ್ ಬಿಚ್ಚಿದ ದಿನ ಕೀಲಿ ಅವನ ಜೇಬಿಗೆ ಮರಳಿತು. ಯಾರೂ ಕಿತ್ತುಕೊಳ್ಳಲಿಲ್ಲ, ಅವಳೂ ಕೊಡಲಿಲ್ಲ. ಮನೆಯಲ್ಲಿ ಕೆಲವು ವಸ್ತುಗಳು ತಾವಾಗಿಯೇ ಜಾಗಕ್ಕೆ ಹೋಗಿ ಸೇರುತ್ತವಲ್ಲ, ಹಾಗೆ.

ಹೋದ ತಿಂಗಳು ಗೊರಕೆ ನಿಂತಿತು. ಎಂದಿನ ಮೆಕ್ಯಾನಿಕ್ ಅದರ ಕೆಳಗಿನಿಂದ ತೆವಳಿ ಬಂದು, ಕೈಯ ಎಣ್ಣೆ ಒರೆಸುತ್ತ, “ಅಕ್ಕಾ, ಚಾಸಿ ತುಕ್ಕು ಹಿಡಿದು ಹಪ್ಪಳ ಆಗಿದೆ. ಇನ್ನು ಇದು ನಿದ್ದೆ ಮಾಡಲಿ ಬಿಡಿ,” ಎಂದ.

ಅದೇ ವಾರ ಡಾಕ್ಟರು ಅವಳ ಬಲಮೊಣಕಾಲನ್ನು ಒತ್ತಿ ನೋಡಿ, “ಇನ್ನು ತಣ್ಣೀರಲ್ಲಿ ಬಗ್ಗಿ ನಿಲ್ಲೋದು ಬೇಡ. ಇನ್ನೊಂದು ಸಲ ಜಾರಿದ್ರೆ ಆಪರೇಷನ್ನೇ,” ಎಂದಿದ್ದರು. ಹೊಸ ಗಾಡಿಯನ್ನು ಸರಿಯಾಗಿ ಆರಿಸಿದರೆ ಬೆಣೆಯ ಋಣ ಹರಿಯುತ್ತದೆ; ತಪ್ಪಿದರೆ ಕಾಲು ಹೋಗುವವರೆಗೂ ಹರಿಯುವುದಿಲ್ಲ. ಇದು ಅವಳಿಗೆ ಅಂಗೈಗೆರೆಯಷ್ಟು ಸ್ಪಷ್ಟವಿತ್ತು.

ಹಳೆಯ ಗಾಡಿಗಳನ್ನು ಮಾರುವ ಅಂಗಳಕ್ಕೆ ಗಂಡ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು.

“ನೀನ್ಯಾಕೆ? ಬಿಸಿಲು.”

“ಬಿಸಿಲು ನನಗೇನು ಹೊಸದಾ?”

ಅಂಗಳದ ಮಾಲೀಕ ಗಂಡನಿಗೆ ಕುರ್ಚಿ ಹಾಕಿಸಿ, ಅವಳಿಗೆ ನೆರಳು ತೋರಿಸಿದ. ಗಂಡನ ಕಣ್ಣು ಆಗಲೇ ಒಂದು ಕೆಂಪು ಪಿಕಪ್ಪಿನ ಮೇಲೆ ಬಿದ್ದಿತ್ತು. ಕನ್ನಡಿಯಂತೆ ಹೊಳೆಯುವ ಬಣ್ಣ, ಮೆತ್ತನೆಯ ಸೀಟು, ಹಾಡು ಹೇಳುವ ಪೆಟ್ಟಿಗೆ. “ಎಂಜಿನ್ ಹುಲಿ ಸಾರ್, ಹುಲಿ! ಶಕ್ತಿಯೆಲ್ಲ ಮುಂದಿನ ಚಕ್ರಕ್ಕೇ. ನಿಮ್ಮ ದೋಣಿ ಎಷ್ಟು ತೂಕ?”

ಗಂಡ ಜೇಬಿನಿಂದ ದೋಣಿಯ ಕಾಗದ ತೆಗೆದ. “ನಾನೂರೈವತ್ತು ಕಿಲೋ.”

“ಇದಕ್ಕೆ ಅದು ಹೂವು ಎತ್ತಿದ ಹಾಗೆ!”

ನೆರಳಿನಿಂದ ಅವಳ ದನಿ ಬಂತು. “ರೀ, ಅದು ದೋಣಿ ಹುಟ್ಟಿದಾಗಿನ ತೂಕ. ನಿಮ್ಮ ಮಗಳೂ ಹುಟ್ಟಿದಾಗ ಮೂರೇ ಕಿಲೋ ಇದ್ಲು.”

ಮಾಲೀಕ ನಕ್ಕ. ಅವಳು ನಗಲಿಲ್ಲ. ಬೆರಳು ಮಡಿಸುತ್ತ ಹೇಳಿದಳು: “ಎಂಜಿನ್ ಎಪ್ಪತ್ತು. ಡೀಸೆಲ್ ಡಬ್ಬ ಎರಡು ಸೇರಿ ನಲವತ್ತು. ಐಸಿನ ಪೆಟ್ಟಿಗೆ ನಲವತ್ತು. ಒದ್ದೆ ಬಲೆ ಒಬ್ಬ ಆಳಿನಷ್ಟು. ಲಂಗರು, ಸರಪಳಿ ಮೂವತ್ತು. ಮೂವತ್ತು ವರ್ಷದಿಂದ ಹಾಕಿದ ತೇಪೆ, ತಳದಲ್ಲಿ ನಿಂತ ನೀರು. ಟ್ರೈಲರನ್ನಂತೂ ನೀವು ಲೆಕ್ಕಕ್ಕೇ ಹಿಡಿದಿಲ್ಲ. ಅದೊಂದೇ ಮುನ್ನೂರು. ಸಾವಿರ ದಾಟ್ತು.”

“ನಿನಗೆ ಹೇಗೆ ಗೊತ್ತು?” ಗಂಡ ನಿಜಕ್ಕೂ ಬೆರಗಾಗಿ ಕೇಳಿದ.

“ಎತ್ತಿದೀನಿ.”

ಅವಳು ನೆರಳು ಬಿಟ್ಟು ಗಾಡಿಗಳ ಸಾಲಿನಲ್ಲಿ ನಡೆದಳು. ಪಾತ್ರೆ ಕೊಳ್ಳುವಾಗ ತಳ ನೋಡುವಂತೆ ಒಂದೊಂದರ ಹಿಂದೆಯೂ ಬಗ್ಗಿ ನೋಡಿದಳು. ಕೆಂಪು ಗಾಡಿಯ ಹಿಂದಿನ ಕೊಕ್ಕೆಯ ಬಣ್ಣ ಇನ್ನೂ ಹಾಗೇ ಇತ್ತು. “ಇದು ಒಂದು ದಿನವೂ ಏನನ್ನೂ ಎಳೆದಿಲ್ಲ. ತಳ ಕಪ್ಪಾಗದ ಪಾತ್ರೆ ಒಲೆ ಕಂಡಿಲ್ಲ ಅಂತ ತಾನೆ ಅರ್ಥ?” ಸಾಲಿನ ಕೊನೆಯಲ್ಲಿ, ಬೆಂದ ಸೊಪ್ಪಿನ ಬಣ್ಣದ ಒಂದು ಪಿಕಪ್ ಇತ್ತು. ಅದರ ಕೊಕ್ಕೆ ಉಜ್ಜಿ ಉಜ್ಜಿ ಬೆಳ್ಳಿಯಂತಾಗಿತ್ತು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ ಅದು. ಕಲ್ಲುಕುಟಿಗನೊಬ್ಬ ಚಪ್ಪಡಿ ಎಳೆಯಲು ಇಟ್ಟುಕೊಂಡಿದ್ದನಂತೆ.

“ಅದು ಮುದಿ ಎತ್ತು ಅಮ್ಮಾ,” ಎಂದ ಮಾಲೀಕ.

“ಎರಡನ್ನೂ ದಡಕ್ಕೆ ತನ್ನಿ. ದೋಣಿ ಕಟ್ಟಿ ನೋಡೋಣ. ಗಡಿಗೆ ಕೊಳ್ಳೋರೂ ನಾಲ್ಕು ಸಲ ಬಡಿದು ನೋಡ್ತಾರಪ್ಪಾ.”

ಮಾಲೀಕ ಗಂಡನ ಮುಖ ನೋಡಿದ. ಗಂಡನಿಗೆ ಹೇಗೂ ಕೆಂಪು ಗಾಡಿ ಗೆಲ್ಲುವ ನಂಬಿಕೆ. “ಆಗಲಿ,” ಎಂದ.

ಮಾರನೆಯ ಬೆಳಿಗ್ಗೆ ಅವಳು ದೋಣಿಗೆ ಎಲ್ಲವನ್ನೂ ಎಂದಿನಂತೆ ತುಂಬಿದಳು. ಒಂದು ಹಗ್ಗವನ್ನೂ ಬಿಡಲಿಲ್ಲ. ಬೆಣೆ ಬೇಡವೆಂದು ಬಾಗಿಲ ಹಿಂದೆ ಇಟ್ಟವಳು, ಗೇಟು ದಾಟಿದ ಮೇಲೆ ವಾಪಸ್ ಹೋಗಿ ತಂದಳು. ಅಭ್ಯಾಸ ಎನ್ನುವುದು ಹಾಗೆಯೇ, ಬಿಟ್ಟೆ ಎಂದರೂ ಬೆನ್ನು ಬಿಡುವುದಿಲ್ಲ.

ಕೆಂಪು ಗಾಡಿ ಇಳಿಜಾರನ್ನು ಸೊಗಸಾಗಿ ಇಳಿಯಿತು. ಟ್ರೈಲರಿನ ಚಕ್ರ ನೀರಲ್ಲಿ ಮುಳುಗಿತು. “ಈಗ ನೋಡು!” ಎಂದು ಗಂಡ ಮೇಲಕ್ಕೆಳೆಯಲು ಗೇರು ಹಾಕಿದ. ದೋಣಿಯ ಭಾರಕ್ಕೆ ಗಾಡಿಯ ಹಿಂಭಾಗ ಕುಸಿಯಿತು, ಮುಂಭಾಗ ಹಗುರಾಗಿ ಮೂತಿ ಎತ್ತಿತು. ಹುಲಿಯ ಶಕ್ತಿಯೆಲ್ಲ ಇದ್ದ ಮುಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗಿ, ಸುಟ್ಟ ರಬ್ಬರಿನ ಹೊಗೆ ಎದ್ದಿತು. ಎತ್ತು ಏರಿಗೆ, ಕೋಣ ನೀರಿಗೆ! ಬ್ರೇಕ್ ತುಳಿದರೂ ಗಾಡಿ ಪಾಚಿಯ ಮೇಲೆ ನೀರಿನತ್ತ ಒಂದು ಗೇಣು ಜಾರಿತು. ಇನ್ನೊಂದು ಗೇಣು.

“ಹಾಕು! ಹಾಕು!”

ಅವಳು ಯೋಚಿಸಲಿಲ್ಲ. ಮೂವತ್ತೆರಡು ವರ್ಷ ಅವಳ ಪರವಾಗಿ ಯೋಚಿಸಿತು. ಮಂಡಿಯುದ್ದದ ನೀರಿಗೆ ನುಗ್ಗಿ, ಬಗ್ಗಿ, ಚಕ್ರದ ಹಿಂದೆ ಬೆಣೆ ಒತ್ತಿದಳು. ಗಾಡಿ ನಿಂತಿತು. ಅವಳ ಕಾಲು ಪಾಚಿಯ ಮೇಲೆ ನಿಲ್ಲಲಿಲ್ಲ. ಬಲಮೊಣಕಾಲೂರಿ ಕಾಂಕ್ರೀಟಿಗೆ ಬಿದ್ದಳು.

ಗಂಡ ಇಳಿದು ಬಂದು ಅವಳನ್ನೆತ್ತಿ ದಡದ ಕಲ್ಲಿನ ಮೇಲೆ ಕೂರಿಸಿದ. “ನೀನು ಹಾಕ್ತೀಯ ಅಂತ ನನಗೆ ಗೊತ್ತಿತ್ತು,” ಎಂದ, ಸಮಾಧಾನದ ಮಾತೇ ಎಂಬಂತೆ.

“ನಿಮಗೆ ಗೊತ್ತಿತ್ತು. ಅದೇ ತಾನೆ ತೊಂದರೆ,” ಎಂದಳು ಅವಳು.

ಮಾಲೀಕ ಇನ್ನೊಂದು ಗಾಡಿಯನ್ನು ಇಳಿಜಾರಿನ ಮೇಲಿನ ತುದಿಗೆ ತಂದ. ಹಗ್ಗ ಕಟ್ಟಿ, ಸೊಪ್ಪಿನ ಬಣ್ಣದ ಗಾಡಿಯಿಂದಲೇ ಕೆಂಪು ಗಾಡಿಯನ್ನೂ ಟ್ರೈಲರನ್ನೂ ಮೇಲಕ್ಕೆಳೆದದ್ದಾಯಿತು. ಕೊಕ್ಕೆ ಬಿಚ್ಚಿ ದೋಣಿಯನ್ನು ಅದಕ್ಕೇ ತಗುಲಿಸಿದಾಗ ಗಂಡ ಅದರ ಬಾಗಿಲಿಗೆ ಕೈ ಹಾಕಿದ.

“ತಡೀರಿ.” ಅವಳು ಎದ್ದು ಒಂದೆರಡು ಹೆಜ್ಜೆ ಹಾಕಿ ನೋಡಿದಳು. ಮೊಣಕಾಲು ಉರಿಯುತ್ತಿತ್ತು, ಆದರೆ ಮಡಿಸಲು ಬರುತ್ತಿತ್ತು. ಬೆಣೆಯನ್ನು ಅವನ ಕೈಗಿಟ್ಟಳು. “ನಾನು ಹಿಂದಕ್ಕೆ ಬಿಡ್ತೀನಿ. ‘ಹಾಕಿ’ ಅಂದ ತಕ್ಷಣ ಒತ್ತಿಬಿಡಿ. ಅಷ್ಟೇ ಕೆಲಸ.”

ಅವನು ಅವಳ ಮೊಣಕಾಲಿನ ರಕ್ತ ನೋಡಿದ. ಪ್ಯಾಂಟು ಮಡಚಿ ನೀರಿಗಿಳಿದ.

ಹದಿನೆಂಟು ವರ್ಷಗಳ ನಂತರ ಅವಳು ಸ್ಟಿಯರಿಂಗ್ ಹಿಡಿದಳು. ಕೈ ಮರೆತಿರಲಿಲ್ಲ. ಟ್ರೈಲರ್ ಎಡಕ್ಕೆ ಹೋಗಬೇಕು, ಕೈ ಬಲಕ್ಕೆ. ಅತ್ತೆಯ ನೆನಪಾಗಿ ತುಟಿಯಂಚಲ್ಲಿ ನಗು ಬಂತು. ಗಾಜು ಇಳಿದಿತ್ತು, ಆ ನಲವತ್ತು ದಿನಗಳ ಗಾಳಿ, ಅದೇ ಪಾಚಿ ಡೀಸೆಲ್ಲಿನ ವಾಸನೆ ಹೊತ್ತು, ನಿನ್ನೆಯಷ್ಟೇ ಎದ್ದು ಹೋದಂತೆ ಒಳಗೆ ಬಂತು. ದೋಣಿ ನೀರು ಮುಟ್ಟಿತು. ಹ್ಯಾಂಡ್‌ಬ್ರೇಕ್ ಎಳೆದಳು. ಕರ್ರ್ ಎಂದಿತು. ಮೆಲ್ಲಗೆ ಬ್ರೇಕಿನಿಂದ ಪಾದ ತೆಗೆದಳು.

ಗಾಡಿ ಮಿಸುಕಲಿಲ್ಲ. ಸಾವಿರ ಕಿಲೋ ಹಿಂದಕ್ಕೆ ಜಗ್ಗುತ್ತಿದ್ದರೂ, ಕಟ್ಟೆ ಕಟ್ಟಿದ ಹಾಗೆ ನಿಂತಿತ್ತು. ಬ್ರೇಕ್ ಬಿಟ್ಟು ಮೇಲಕ್ಕೆಳೆದಳು. ನಾಲ್ಕು ಚಕ್ರವೂ ನೆಲ ಕಚ್ಚಿ ಏರಿದವು. ಮತ್ತೆ ಇಳಿಸಿ ಮತ್ತೆ ನಿಲ್ಲಿಸಿದಳು.

“ಇದೇ ಇರಲಿ,” ಎಂದಳು ಮಾಲೀಕನಿಗೆ. ಅವನು ಈ ಸಲ ಗಂಡನ ಮುಖ ನೋಡಲಿಲ್ಲ.

ಆಮೇಲೆ ಅವಳು ಕನ್ನಡಿ ನೋಡಿದಳು. ಕನ್ನಡಿಯಲ್ಲಿ ದೋಣಿ ಇತ್ತು, ನೀರಿತ್ತು, ಆಚೆ ದಡವಿತ್ತು. ಗಂಡ ಇರಲಿಲ್ಲ. ಎಡಗನ್ನಡಿ, ಬಲಗನ್ನಡಿ, ನಡುವಿನ ಕನ್ನಡಿ, ಎಲ್ಲ ನೋಡಿದಳು. ಎಲ್ಲೂ ಇಲ್ಲ. ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿದಾಗಷ್ಟೇ ಕಂಡ: ಚಕ್ರದ ಹಿಂದೆ, ಮಂಡಿಯುದ್ದದ ನೀರಲ್ಲಿ, ಬೆಣೆ ಹಿಡಿದು ಬಗ್ಗಿ, ಅವಳ ಮಾತಿಗಾಗಿ ಕಾಯುತ್ತಿದ್ದ.

“ಹಾಕ್ಲಾ?” ಎಂದ.

“ಬೇಡ. ಈಚೆ ಬನ್ನಿ. ಅಲ್ಲಿ ನಿಂತ್ರೆ ನೀವು ನನಗೆ ಕಾಣಲ್ಲ.”

ಅವನು ನೆಟ್ಟಗಾದ. ಬೆಣೆಯನ್ನು ನೋಡಿದ, ಚಕ್ರವನ್ನು ನೋಡಿದ, ತಾನು ನಿಂತ ಜಾಗವನ್ನು ನೋಡಿದ.

“ನೀನು ಇಲ್ಲೇ ನಿಲ್ತಾ ಇದ್ದಿದ್ದು ಅಲ್ವಾ?”

“ಹೌದು,” ಎಂದಳು ಅವಳು. “ಅಲ್ಲೇ.”